ರಸ್ತೆ ಅಗೆಯುವ ಮುಂಚೆ ಹೋಟೆಲಿನವರನ್ನೂ ಒಂದು ಮಾತು ಕೇಳಿ

ಮಾನ್ಯ ಸಂಪಾದಕರೇ,

ನಾನು ಬೆಂಗಳೂರಿನ ಹನುಮಂತನಗರದಲ್ಲಿ ಪೇಪರ್ ಏಜೆಂಟ್. ನಿಮ್ಮ ಪತ್ರಿಕೆಯೂ ಸೇರಿದಂತೆ ಎಲ್ಲ ಪೇಪರ್‌ಗಳನ್ನೂ ಸುತ್ತಮುತ್ತಲಿನ ಮನೆಗಳಿಗೆ ಹಾಕಿಸುತ್ತೇನೆ. ಪತ್ರಿಕೆಗೆ ಬರೆಯುವುದು ನನ್ನ ಅಭ್ಯಾಸವಲ್ಲ. ಆದರೆ 2025ರಲ್ಲಿ ನಮ್ಮ ರಸ್ತೆಯಲ್ಲಿ ನಡೆದದ್ದನ್ನು ದಿನಾ ಬೆಳಗಿನ ಜಾವದಿಂದ ಕಣ್ಣಾರೆ ನೋಡಿದ್ದೇನೆ. ಈಗ ಪಕ್ಕದ ರಸ್ತೆಯಲ್ಲೂ ಅದೇ ಕೆಲಸ ಶುರುವಾಗುವ ಸೂಚನೆ ಕಾಣುತ್ತಿದೆ. ಅದಕ್ಕೇ ಈ ಪತ್ರ.

ವಿಷಯ ಇಷ್ಟು. ನಮ್ಮ ಊರಿನಲ್ಲಿ ರಸ್ತೆ ಕೆಲಸಕ್ಕೆ ನಕ್ಷೆ ಮಾಡುವಾಗ ನೀರಿನ ಪೈಪು, ಒಳಚರಂಡಿ, ಕರೆಂಟ್ ಕೇಬಲ್ಲು, ಮರ, ಕಂಬ ಎಲ್ಲವನ್ನೂ ಗುರುತು ಮಾಡುತ್ತಾರೆ. ಅದೇ ರಸ್ತೆಯಲ್ಲಿ ದಿನಾ ಬೆಳಿಗ್ಗೆ ನೂರಾರು ಜನಕ್ಕೆ ತಿಂಡಿ ಕೊಡುವ ಸಣ್ಣ ಹೋಟೆಲನ್ನು ಯಾರೂ ಗುರುತು ಮಾಡುವುದಿಲ್ಲ. ಅದು ದಿನಾ ಬಾಗಿಲು ತೆಗೆಯಬೇಕು, ಜನ ಅಲ್ಲಿಗೆ ಹೋಗಿ ಬರಬೇಕು ಅನ್ನುವುದು ಯಾರ ಲೆಕ್ಕಕ್ಕೂ ಬರುವುದಿಲ್ಲ. ಬರಬೇಕು ಅನ್ನುವುದೇ ನನ್ನ ಬೇಡಿಕೆ.

ಐವತ್ತು ಅಡಿ ರಸ್ತೆಯಿಂದ ಒಳಕ್ಕೆ ತಿರುಗಿದರೆ ಸಿಗುವ ರಸ್ತೆ ನಮ್ಮದು. ಅಲ್ಲೊಂದು ದರ್ಶಿನಿ ಇದೆ. ಹೆಸರು ಬರೆಯಬೇಡಿ ಎಂದು ಮಾಲೀಕರು ಹೇಳಿದ್ದಾರೆ, ಬರೆಯುವುದಿಲ್ಲ. ಕುಂದಾಪುರದ ಕಡೆಯವರು, ನಾವೆಲ್ಲ ಭಟ್ರು ಅಂತಲೇ ಕರೆಯುವುದು. ಮುಂದೆ ಮೂರು ಕಲ್ಲಿನ ಮೆಟ್ಟಿಲು, ನಿಂತು ತಿನ್ನಲು ನಾಲ್ಕು ಸ್ಟೀಲ್ ಟೇಬಲ್ಲು, ಗೋಡೆಗೆ ಉದ್ದಕ್ಕೆ ಒಂದು ಕಡಪ ಕಲ್ಲು. ಟೋಕನ್ ಕೊಟ್ಟು ನಿಂತರೆ ಒಳಗೆ ಹೆಂಚಿನ ಮೇಲೆ ನಿಮ್ಮ ದೋಸೆ ಬೇಯುವುದು ಕಾಣುತ್ತದೆ. ಈ ತರಹದ ಹೋಟೆಲ್ ಬೆಂಗಳೂರಿನದ್ದೇ ಹುಟ್ಟು. 1983ರಲ್ಲಿ ಜಯನಗರದ ಕೆಫೆ ದರ್ಶಿನಿಯಿಂದ ಇದು ಶುರುವಾಯಿತು. ಆರ್. ಪ್ರಭಾಕರ್ ಅವರು ಇದಕ್ಕೆ ರೂಪ ಕೊಟ್ಟವರು. ಕುರ್ಚಿ ಇಲ್ಲ, ಸಪ್ಲೈಯರ್ ಇಲ್ಲ, ಹಾಗಾಗಿ ರೇಟು ಕಮ್ಮಿ. ಸಣ್ಣ ಜಾಗದಲ್ಲಿ ಜಾಸ್ತಿ ಜನಕ್ಕೆ ಬಿಸಿಬಿಸಿ ತಿಂಡಿ. ಆಮೇಲೆ ಬಡಾವಣೆಗೆ ಒಂದರಂತೆ ಬಂದವು. ಈಗ ದರ್ಶಿನಿ ಇಲ್ಲದ ಬಡಾವಣೆ ಹುಡುಕಿದರೂ ಸಿಗುವುದು ಕಷ್ಟ.

ಭಟ್ಟರ ಮೆಟ್ಟಿಲೇ ನಮ್ಮ ಪೇಪರ್ ಪಾಯಿಂಟ್. ಬೆಳಗಿನ ಜಾವ ವ್ಯಾನಿನವರು ಬಂಡಲ್ ಎಸೆದು ಹೋಗುತ್ತಾರೆ. ನಾನು ಮತ್ತು ಹುಡುಗರು ಅಲ್ಲೇ ಕೂತು ಪುರವಣಿ ಸೇರಿಸುತ್ತೇವೆ, ಪಾಂಪ್ಲೆಟ್ ಹಾಕುತ್ತೇವೆ, ಲೈನ್ ಪ್ರಕಾರ ಜೋಡಿಸುತ್ತೇವೆ. ಮಳೆ ಬಂದರೆ ಮೇಲೆ ಶೀಟ್ ಇದೆ. ನಾವು ಕೂತಿರುತ್ತೇವೆ ಅಂತಲೇ ಭಟ್ಟರು ಹೊರಗಿನ ಲೈಟ್ ಮೊದಲು ಹಾಕುತ್ತಾರೆ. ಷಟರ್ ಅರ್ಧ ಎತ್ತಿರುತ್ತದೆ. ಒಳಗಿಂದ ಮೊದಲ ಡಿಕಾಕ್ಷನ್ ವಾಸನೆ ಬರುವ ಹೊತ್ತಿಗೆ ಹುಡುಗರು ಸೈಕಲ್ ಹತ್ತುತ್ತಾರೆ.

ಆರು ಗಂಟೆಗೆ ಷಟರ್ ಪೂರ್ತಿ ಮೇಲೆ. ಹಾಜರಿ ಹಾಕಿ ಬಂದ ಪೌರಕಾರ್ಮಿಕ ಹೆಂಗಸರದ್ದು ಮೊದಲ ಟೀ. ಅವರು ಒಳಗೆ ಬರಲು ಹಿಂಜರಿಯುತ್ತಿದ್ದ ಕಾಲವೂ ಇತ್ತು. ಭಟ್ಟರೇ ಕರೆದು ಒಳಗೆ ನಿಲ್ಲಿಸಿದರು, ಈಗ ಆ ಕಡಪ ಕಲ್ಲಿನ ಬಲಗಡೆ ಮೂಲೆ ಅವರದ್ದೇ. ಆಮೇಲೆ ರಾಮಾಂಜನೇಯ ಗುಡ್ಡ ಹತ್ತಿ ಇಳಿದು ಬರುವ ವಾಕಿಂಗ್‌ನವರು, ಆಟೋದವರು, ಪಿಜಿಯ ಹುಡುಗ ಹುಡುಗಿಯರು, ಮನೆಗೆಲಸಕ್ಕೆ ಹೊರಟವರು. "ಎರಡು ಇಡ್ಲಿ ಒಂದು ವಡೆ ಡಿಪ್, ಒಂದು ಖಾಲಿ, ಒಂದು ಬೈ ಟು ಸ್ಟ್ರಾಂಗ್" ಎಂದು ಒಳಕ್ಕೆ ಕೂಗುವ ಹುಡುಗ ಒಡಿಶಾದವನು. ಬಂದಾಗ ಕನ್ನಡದ ಒಂದು ಅಕ್ಷರ ಬರುತ್ತಿರಲಿಲ್ಲ. ಈಗ ನನ್ನ ಜೊತೆ ಕ್ರಿಕೆಟ್ ಮಾತಾಡುವುದೂ ಕನ್ನಡದಲ್ಲೇ.

ಹೋಟೆಲಿಗೆ ನಾನು ಎರಡು ಪೇಪರ್ ಹಾಕುತ್ತೇನೆ. ಒಂದು ಪೇಪರನ್ನು ಹಾಳೆ ಬಿಡಿಸಿ ಹತ್ತಾರು ಜನ ಓದುತ್ತಾರೆ. ಕ್ರೀಡೆಯ ಪುಟ ಒಬ್ಬರ ಕೈಲಿ, ರಾಶಿಫಲ ಇನ್ನೊಬ್ಬರ ಕೈಲಿ. ಸುರಂಗ ರಸ್ತೆ ಬೇಕೋ ಬೇಡವೋ ಎಂಬ ಚರ್ಚೆ ನಿಮ್ಮ ಪುಟಗಳಲ್ಲಿ ನಡೆಯುವುದಕ್ಕಿಂತ ಜೋರಾಗಿ ಆ ಸ್ಟೀಲ್ ಟೇಬಲ್ಲಿನ ಸುತ್ತ ನಡೆಯುತ್ತದೆ. ಯಾರ ಮನೆ ಖಾಲಿ ಇದೆ, ಯಾವ ಲ್ಯಾಬ್‌ನಲ್ಲಿ ರಕ್ತ ಪರೀಕ್ಷೆ ಕಮ್ಮಿಗೆ ಆಗುತ್ತದೆ, ಪ್ಲಂಬರ್ ಯಾರು ಚೆನ್ನಾಗಿದ್ದಾರೆ, ಎಲ್ಲ ಗೊತ್ತಾಗುವುದು ಅಲ್ಲೇ.

ಇನ್ನು ನಮ್ಮ ಮೇಷ್ಟ್ರು. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತರಾದವರು, ವಯಸ್ಸು ಎಂಬತ್ತು ದಾಟಿದೆ. ಹೆಂಡತಿ ತೀರಿಕೊಂಡ ಮೇಲೆ ಒಬ್ಬರೇ ಇದ್ದಾರೆ. ದಿನಾ ಏಳೂವರೆಗೆ ಬಂದು ಅರ್ಧ ಪ್ಲೇಟ್ ಖಾರಾಬಾತ್, ಸಕ್ಕರೆ ಕಮ್ಮಿ ಕಾಫಿ. ಬೋರ್ಡಿನಲ್ಲಿ ಅರ್ಧ ಪ್ಲೇಟ್ ಅಂತ ರೇಟೇ ಇಲ್ಲ. ಅದು ಅವರಿಗೆ ಮಾತ್ರ. ಎಂಟೂವರೆಯಾದರೂ ಮೇಷ್ಟ್ರು ಬರಲಿಲ್ಲ ಎಂದರೆ ಭಟ್ಟರು ಒಬ್ಬ ಹುಡುಗನನ್ನು ಮನೆಗೆ ಕಳಿಸಿ ನೋಡಿಕೊಂಡು ಬಾ ಅನ್ನುತ್ತಿದ್ದರು. ಯಾರೂ ಹೇಳಿ ಮಾಡಿಸಿದ್ದಲ್ಲ. ಒಂದು ಸಲ ಹೀಗೆ ಹೋದ ಹುಡುಗನೇ ಜ್ವರದಲ್ಲಿ ಮಲಗಿದ್ದ ಅವರನ್ನು ಆಟೋದಲ್ಲಿ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿದ್ದ.

ಇಷ್ಟು ಯಾಕೆ ಹೇಳಿದೆ ಅಂದರೆ, ಸಣ್ಣ ಹೋಟೆಲ್ ಅಂದರೆ ಅಧಿಕಾರಿಗಳ ಕಣ್ಣಿಗೆ ಒಂದು ವ್ಯಾಪಾರ ಅಷ್ಟೇ. ಒಂದು ಹೋದರೆ ಇನ್ನೊಂದು ಬರುತ್ತೆ ಎಂಬ ಭಾವನೆ ಇದೆ. ಇನ್ನೊಂದು ಬರಬಹುದು. ಮೇಷ್ಟ್ರು ಬರಲಿಲ್ಲ ಎಂದು ಅದಕ್ಕೆ ಗೊತ್ತಾಗಲು ಇನ್ನು ಎಷ್ಟು ವರ್ಷ ಬೇಕು?

ಈಗ ರಸ್ತೆ ಕೆಲಸದ ವಿಚಾರಕ್ಕೆ ಬರುತ್ತೇನೆ. ನಮ್ಮ ರಸ್ತೆ ಹಾಳಾಗಿತ್ತು, ಅದರಲ್ಲಿ ಎರಡು ಮಾತಿಲ್ಲ. ಮಳೆ ಬಂದರೆ ಎಲ್ಲಿ ಗುಂಡಿ ಎಲ್ಲಿ ರಸ್ತೆ ಗೊತ್ತಾಗುತ್ತಿರಲಿಲ್ಲ. ನನ್ನ ಲೈನ್ ಹುಡುಗನೊಬ್ಬ ಕತ್ತಲಲ್ಲಿ ಸೈಕಲ್ ಸಮೇತ ಬಿದ್ದು ಮೊಣಕೈ ಮುರಿದುಕೊಂಡ. ವೈಟ್ ಟಾಪಿಂಗ್, ಅಂದರೆ ಡಾಂಬರಿನ ಬದಲು ಕಾಂಕ್ರೀಟ್ ರಸ್ತೆ, ಮಾಡಿಸಿಕೊಡಿ ಎಂದು ಅರ್ಜಿ ಕೊಟ್ಟವರೇ ನಾವು. ಅದರಲ್ಲಿ ಭಟ್ಟರ ಸಹಿ ಇದೆ, ನನ್ನ ಸಹಿಯೂ ಇದೆ. ಡಾಂಬರು ಹಾಕಿದರೆ ಎರಡು ಮಳೆಗಾಲಕ್ಕೆ ಕಿತ್ತು ಹೋಗುತ್ತದೆ, ಕಾಂಕ್ರೀಟ್ ಆದರೆ 20, 30 ವರ್ಷ ಬಾಳಿಕೆ ಬರುತ್ತದೆ ಎಂದು ಹೇಳಿದ್ದರು. ಕೆಲಸ ಮಂಜೂರಾದಾಗ ಭಟ್ಟರು ಎಲ್ಲರಿಗೂ ಕೇಸರಿಬಾತ್ ಕೊಟ್ಟರು.

2025ರ ಸಂಕ್ರಾಂತಿ ಕಳೆದ ಮೇಲೆ ಅಗೆದರು. ಯುಗಾದಿ ಹೊತ್ತಿಗೆ ಮುಗಿಯುತ್ತದೆ ಎಂದರು. ಯುಗಾದಿ ಹೋಯಿತು, ಗಣೇಶನ ಹಬ್ಬ ಹೋಯಿತು, ದಸರಾ ಹೋಯಿತು. ಕಡಲೆಕಾಯಿ ಪರಿಷೆಯ ಹೊತ್ತಿಗೂ ನಮ್ಮ ಫುಟ್‌ಪಾತ್ ಚಪ್ಪಡಿ ಒಂದು ಕಡೆ, ಜಲ್ಲಿ ಒಂದು ಕಡೆ ಬಿದ್ದಿತ್ತು. ಕಾರ್ತಿಕದ ಕೊನೇ ಸೋಮವಾರ ದೊಡ್ಡ ಬಸವಣ್ಣನ ಗುಡಿಗೆ ಬರುವ ಜನದಲ್ಲಿ ಒಂದಿಷ್ಟು ನಮ್ಮ ಕಡೆಗೂ ಹರಿದು ಬರುತ್ತದೆ. ಭಟ್ಟರಿಗೆ ವರ್ಷದಲ್ಲಿ ಅತಿ ಜಾಸ್ತಿ ವ್ಯಾಪಾರ ಆಗುವುದು ಆಗ. ಈ ಸಲ ಬ್ಯಾರಿಕೇಡ್ ನೋಡಿ ಜನ ಆ ಕಡೆಯಿಂದಲೇ ತಿರುಗಿ ಹೋದರು.

ಇಷ್ಟೊಂದು ತಿಂಗಳು ಯಾಕೆ ಹಿಡಿಯಿತು ಎಂಬುದನ್ನು ನಾನು ದಿನಾ ನೋಡಿದ್ದೇನೆ. ಕಾಂಕ್ರೀಟ್ ಹಾಕುವುದಕ್ಕೆ ಹಿಡಿದ ದಿನ ಕಮ್ಮಿ. ಮೊದಲು ಒಳಚರಂಡಿಗೆ ಒಂದು ಸಲ ಅಗೆದರು, ಮುಚ್ಚಿದರು. ಆಮೇಲೆ ನೀರಿನ ಪೈಪಿಗೆ ಅಗೆದರು, ಮುಚ್ಚಿದರು. ಆಮೇಲೆ ಕೇಬಲ್ ಕೊಳವೆಗೆ ಅಗೆದರು. ಪ್ರತಿ ಸಲವೂ ಬೇರೆ ತಂಡ, ಬೇರೆ ಮೇಸ್ತ್ರಿ. ಒಬ್ಬರು ಮುಗಿಸಿದ್ದು ಇನ್ನೊಬ್ಬರಿಗೆ ಗೊತ್ತಿಲ್ಲ. ನಡುವೆ ವಾರಗಟ್ಟಲೆ ಯಾರೂ ಇಲ್ಲ, ಗುಂಡಿ ಮಾತ್ರ ಇರುತ್ತಿತ್ತು. ಕಾಂಕ್ರೀಟ್ ಹಾಕಿದ ಮೇಲೆ ಗೋಣಿಚೀಲ ಹಾಸಿ ನೀರು ಹಾಕಿ ಕ್ಯೂರಿಂಗ್ ಮಾಡಬೇಕು, ಅದಕ್ಕೆ ಸಮಯ ಬೇಕು. ಅದು ನಮಗೂ ಅರ್ಥವಾಗುತ್ತದೆ, ಆ ದಿನಗಳ ಬಗ್ಗೆ ಯಾರ ತಕರಾರೂ ಇಲ್ಲ. ಸುಮ್ನೆ ಬಾಯಿ ತೆರೆದುಕೊಂಡು ಬಿದ್ದಿದ್ದ ಗುಂಡಿಯ ತಿಂಗಳುಗಳ ಬಗ್ಗೆ ತಕರಾರು.

ಆ ತಿಂಗಳುಗಳಲ್ಲಿ ಹೋಟೆಲ್ ನಡೆದ ಬಗೆ ಹೇಳುತ್ತೇನೆ. ಮೆಟ್ಟಿಲಿನ ಮುಂದೆಯೇ ಆಳೆತ್ತರದ ಕಾಲುವೆ. ದಾಟಲು ಎರಡು ಸೆಂಟ್ರಿಂಗ್ ಹಲಗೆ ಹಾಕಿದ್ದರು, ಅದೂ ಭಟ್ಟರೇ ಮೇಸ್ತ್ರಿಗೆ ಕೈಮುಗಿದು ಕೇಳಿ ಹಾಕಿಸಿಕೊಂಡದ್ದು. ಕಾಲಿಟ್ಟರೆ ಹಲಗೆ ಬಳುಕುತ್ತಿತ್ತು. ಹಾಲಿನ ವ್ಯಾನ್ ಮೇನ್ ರೋಡಿನಲ್ಲೇ ನಿಲ್ಲುತ್ತಿತ್ತು. ಹುಡುಗರು ಕ್ರೇಟ್ ಹೆಗಲ ಮೇಲಿಟ್ಟು ತರುತ್ತಿದ್ದರು. ಗ್ಯಾಸ್ ಸಿಲಿಂಡರ್ ವಿಚಾರ ಇನ್ನೂ ಕಷ್ಟ. ಹೋಟೆಲ್ ಸಿಲಿಂಡರಿನಲ್ಲಿ ಗ್ಯಾಸೇ 19 ಕೆಜಿ, ಕಬ್ಬಿಣದ ತೂಕ ಬೇರೆ. ಅದನ್ನು ಮಾಮೂಲಿಯಾಗಿ ಓರೆ ಮಾಡಿ ಉರುಳಿಸಿಕೊಂಡು ತರುತ್ತಾರೆ. ಹಲಗೆ ಮೇಲೆ ಉರುಳಿಸುವ ಹಾಗಿಲ್ಲ. ಇಬ್ಬರು ಹುಡುಗರು ಹಗ್ಗ ಕಟ್ಟಿ, ಒಬ್ಬ ಹಿಂದೆ ಒಬ್ಬ ಮುಂದೆ, ಉಸಿರು ಬಿಗಿಹಿಡಿದು ದಾಟಿಸುತ್ತಿದ್ದರು. ಮಳೆಯಲ್ಲಿ ಹಲಗೆ ಜಾರುತ್ತಿದ್ದ ದಿನ ನಾನೂ ಪೇಪರ್ ಬಂಡಲ್ ಕೆಳಗಿಟ್ಟು ಕೈ ಕೊಟ್ಟಿದ್ದೇನೆ. ಒಬ್ಬರ ಕಾಲು ತಪ್ಪಿದ್ದರೆ ಏನು ಗತಿ?

ಹಿಟ್ಟಿನ ಲೆಕ್ಕ ಹೊರಗಿನವರಿಗೆ ಗೊತ್ತಾಗುವುದಿಲ್ಲ. ಇಡ್ಲಿ ಹಿಟ್ಟನ್ನು ಹಿಂದಿನ ಸಂಜೆಯೇ ರುಬ್ಬಿ ಇಡಬೇಕು. ನಾಳೆ ಎಷ್ಟು ಜನ ಬರುತ್ತಾರೆ ಎಂಬ ಅಂದಾಜಿನ ಮೇಲೆ ಅಕ್ಕಿ ಉದ್ದು ನೆನೆಹಾಕುವುದು. ಇಪ್ಪತ್ತು ವರ್ಷದಿಂದ ಭಟ್ಟರ ಅಂದಾಜು ತಪ್ಪಿದ್ದು ಕಮ್ಮಿ. ರಸ್ತೆ ಅಗೆದ ಮೇಲೆ ಅಂದಾಜೇ ಸಿಗದಾಯಿತು. ಒಂದು ದಿನ ಹಲಗೆ ಇರುತ್ತದೆ, ಮರುದಿನ ಕೆಲಸಕ್ಕೆಂದು ತೆಗೆದಿರುತ್ತಾರೆ, ಹೇಳುವವರಿಲ್ಲ. ಉಳಿದ ಹಿಟ್ಟು ಮಧ್ಯಾಹ್ನಕ್ಕೆ ಹುಳಿ ಬರುತ್ತದೆ. ಸ್ವಲ್ಪವನ್ನು ಈರುಳ್ಳಿ ದೋಸೆ ಮಾಡಿ ಖರ್ಚು ಮಾಡಬಹುದು, ಎಲ್ಲವನ್ನೂ ಅಲ್ಲ. ದೊಡ್ಡ ಡ್ರಮ್ಮಿನ ಹಿಟ್ಟನ್ನು ಹಿತ್ತಲಲ್ಲಿ ಸುರಿಯುವಾಗ ಭಟ್ಟರು ಆ ಕಡೆ ನೋಡುತ್ತಲೇ ಇರಲಿಲ್ಲ. ಅದರ ಮೇಲೆ ಏಪ್ರಿಲ್ 1ರಿಂದ ಹಾಲು ಲೀಟರಿಗೆ 4 ರೂಪಾಯಿ ಏರಿತು. ಕಾಫಿ ಪುಡಿ ರೇಟು ಅದಕ್ಕೂ ಮುಂಚೆಯೇ ಏರಿತ್ತು. ಬಾಡಿಗೆ ನಿಲ್ಲಲಿಲ್ಲ, ಹುಡುಗರ ಸಂಬಳ ನಿಲ್ಲಲಿಲ್ಲ.

"ಆ್ಯಪ್‌ಗೆ ಹಾಕಿ ಭಟ್ರೇ, ಮನೆಮನೆಗೆ ಹೋಗುತ್ತೆ" ಎಂದು ಕೆಲವರು ಹೇಳಿದರು. ಹಾಕಿದರು ಕೂಡ. ಡೆಲಿವರಿ ಹುಡುಗರು ಬ್ಯಾರಿಕೇಡ್ ತನಕ ಬಂದು ಫೋನ್ ಮಾಡುತ್ತಿದ್ದರು, ಇಲ್ಲಿಂದ ಒಬ್ಬ ಓಡಿ ಕೊಟ್ಟು ಬರಬೇಕು. ಕಮಿಷನ್ ಕೊಟ್ಟು, ಡಬ್ಬಿ ಖರ್ಚು ಕಳೆದು ಎರಡು ಇಡ್ಲಿಯಲ್ಲಿ ಉಳಿಯುವುದೇನು? ಪೌರಕಾರ್ಮಿಕ ಹೆಂಗಸು ಆ್ಯಪ್‌ನಲ್ಲಿ ಟೀ ತರಿಸಿಕೊಳ್ಳುತ್ತಾಳಾ? ಬೈ ಟು ಕಾಫಿ ಆ್ಯಪ್‌ನಲ್ಲಿ ಬರುತ್ತಾ?

ಮೇಷ್ಟ್ರಿಗೆ ಹಲಗೆ ದಾಟಲು ಆಗಲಿಲ್ಲ. ಮೊಣಕಾಲು ನೋವು, ಮೇಲೆ ಭಯ. ಸ್ವಲ್ಪ ದಿನ ಭಟ್ಟರು ಹುಡುಗನ ಕೈಲಿ ಪಾರ್ಸೆಲ್ ಕಳಿಸಿದರು. ವ್ಯಾಪಾರ ಇಳಿದು ಇಬ್ಬರು ಹುಡುಗರನ್ನು ಊರಿಗೆ ಕಳಿಸಬೇಕಾಗಿ ಬಂದ ಮೇಲೆ ಅದು ನಿಂತಿತು. ಈಗ ಬೆಳಿಗ್ಗೆ ಬ್ರೆಡ್ಡು ಹಾಲು ತೆಗೆದುಕೊಳ್ಳುತ್ತೇನೆ ಎಂದು ಮೇಷ್ಟ್ರು ಹೇಳುತ್ತಾರೆ. ಮೊದಲು ಆರಕ್ಕೆಲ್ಲ ಗೇಟಿನಿಂದ ಪೇಪರ್ ಎತ್ತಿಕೊಳ್ಳುತ್ತಿದ್ದವರು. ಈಗ ಹತ್ತು ಗಂಟೆಯಾದರೂ ಪೇಪರ್ ಅಲ್ಲೇ ಇರುತ್ತದೆ ಎಂದು ನನ್ನ ಹುಡುಗ ಹೇಳಿದ.

ಹೋಟೆಲ್ ಪಕ್ಕದಲ್ಲಿ ಒಂದು ಮುದ್ದೆ ಮೆಸ್ ಇತ್ತು. ಮಂಡ್ಯ ಕಡೆಯ ಅಕ್ಕ ನಡೆಸುತ್ತಿದ್ದರು. ಮಧ್ಯಾಹ್ನ ಮಾತ್ರ. ಮುದ್ದೆ, ಬಸ್ಸಾರು, ಅನ್ನ, ಮಜ್ಜಿಗೆ, ಅಷ್ಟೇ. ಗಾಡಿ ಡ್ರೈವರ್‌ಗಳು, ಕಟ್ಟಡ ಕೆಲಸದವರು, ಪಕ್ಕದ ವರ್ಕ್‌ಶಾಪಿನವರು ಬರುತ್ತಿದ್ದರು. ವಾಹನ ಬರದೆ ಡ್ರೈವರ್‌ಗಳು ಹೋದರು. ಕೊನೆಗೆ ಅಲ್ಲಿ ಊಟ ಮಾಡುತ್ತಿದ್ದವರು ಅದೇ ರಸ್ತೆ ಅಗೆಯುತ್ತಿದ್ದ ಕೂಲಿಯವರು. ರಾಯಚೂರು, ಯಾದಗಿರಿ ಕಡೆಯವರು. ಬಾಗಿಲಿನ ಎದುರೇ ಅಗೆಯಬೇಕಾಗಿ ಬಂದಾಗ ಅವರಲ್ಲಿ ವಯಸ್ಸಾದವರೊಬ್ಬರು "ನಮ್ಮ ಕೈಯಾಗ ಏನೂ ಇಲ್ಲ ನೋಡವಾ, ಮ್ಯಾಲಿನವ್ರು ಹೇಳಿದಂಗ ಮಾಡ್ತೀವಿ" ಎಂದರು. ಅಕ್ಕ ಅವರಿಗೆ ಒಂದು ಮಾತೂ ಬಯ್ಯಲಿಲ್ಲ. "ಬನ್ನಿ, ಊಟ ಮಾಡಿ ಆಮೇಲೆ ಅಗೀರಿ" ಎಂದರು. ಆಷಾಢದಲ್ಲಿ ಮೆಸ್ ಮುಚ್ಚಿತು. ಬಾಡಿಗೆ ಬಾಕಿಗೆ ಅಡ್ವಾನ್ಸ್ ಸರಿಹೋಯಿತು. ಪಾತ್ರೆ, ಒಲೆ ಎಲ್ಲ ಮಾರಿದರು. ಈಗ ಯಾರದೋ ಮನೆಯಲ್ಲಿ ಅಡುಗೆಗೆ ಹೋಗುತ್ತಿದ್ದಾರೆ. ಆ ಅಂಗಡಿಗೆ ಈಗ ಮೊಬೈಲ್ ಕವರ್ ಮಾರುವವರು ಬಂದಿದ್ದಾರೆ. ಅವರ ಮೇಲೆ ನನಗೇನೂ ಬೇಸರವಿಲ್ಲ, ಆದರೆ ಮಧ್ಯಾಹ್ನ ಹೊಟ್ಟೆ ತುಂಬ ಮುದ್ದೆ ಊಟಕ್ಕೆ ಆ ಡ್ರೈವರ್‌ಗಳು ಈಗ ಎಲ್ಲಿಗೆ ಹೋಗುತ್ತಾರೋ.

ಇದು ನಮ್ಮ ರಸ್ತೆಯ ಕಥೆ ಮಾತ್ರವಲ್ಲ ಎಂದು ನಿಮ್ಮ ಓದುಗರಿಗೆ ಗೊತ್ತಿದೆ. ಹತ್ತಿರದ ಗಾಂಧಿ ಬಜಾರನ್ನೇ ನೋಡಿ. 2023ರಲ್ಲಿ ಮುಖ್ಯರಸ್ತೆ ಅಗೆದಾಗ ಹೂವಿನವರು, ಹಣ್ಣಿನವರು, ಅಂಗಡಿಯವರು ಎಷ್ಟು ಪಾಡುಪಟ್ಟರು. ಈಗ ಅಲ್ಲಿ ನಡೆಯಲು ಅಗಲವಾದ ಜಾಗ ಇದೆ, ಅದು ಒಳ್ಳೆಯದೇ ಆಯಿತು. 1943ರಿಂದ ಇರುವ ವಿದ್ಯಾರ್ಥಿ ಭವನದಂಥ ಹೋಟೆಲ್ ಇಂಥ ಕಷ್ಟವನ್ನು ದಾಟಿ ನಿಲ್ಲುತ್ತದೆ. ಅದರ ದೋಸೆಗೆ ಜನ ಎಲ್ಲಿಂದಲೋ ಬಂದು, ಗುಂಡಿ ದಾಟಿ, ಕಾದು ತಿನ್ನುತ್ತಾರೆ. ನಮ್ಮ ಭಟ್ಟರ ಹೋಟೆಲಿಗೆ ಬರುವುದು ಸುತ್ತಲಿನ ನಾಲ್ಕು ಕ್ರಾಸಿನ ಜನ. ಅವರಿಗೆ ದಾರಿ ಇಲ್ಲ ಎಂದರೆ ಬೇರೆ ಯಾರೂ ಇಲ್ಲ. ಹಳೆಯದು, ಹೆಸರಾದದ್ದು ಎಂದ ಮಾತ್ರಕ್ಕೆ ಉಳಿದೇ ಉಳಿಯುತ್ತದೆ ಎಂದೂ ಹೇಳುವ ಹಾಗಿಲ್ಲ. ಮಲ್ಲೇಶ್ವರದ ಸಂಪಿಗೆ ರಸ್ತೆಯಲ್ಲಿ 1954ರಿಂದ ಇದ್ದ ನ್ಯೂ ಕೃಷ್ಣ ಭವನ 2023ರ ಡಿಸೆಂಬರಿನಲ್ಲಿ ಮುಚ್ಚಿತು. ಅಲ್ಲಿನ ಕಾರಣ ಬೇರೆ, ಆದರೆ ಅಂದು ಕೊನೆಯ ಕಾಫಿಗೆ ಸೇರಿದ ಜನರ ಸುದ್ದಿಯನ್ನು ನಾನೇ ಮನೆಮನೆಗೆ ಹಾಕಿದ್ದೇನೆ. ಹೆಸರಾದ ಹೋಟೆಲ್ ಮುಚ್ಚಿದರೆ ಸುದ್ದಿಯಾಗುತ್ತದೆ. ಅಕ್ಕನ ಮೆಸ್ ಮುಚ್ಚಿದ್ದು ಯಾವ ಪೇಪರಿನಲ್ಲೂ ಬರಲಿಲ್ಲ.

ಕಾನೂನಿನ ಮಾತಿಗೆ ಬಂದರೆ, ಬೀದಿ ವ್ಯಾಪಾರಿಗಳ ಪರವಾಗಿ 2014ರ ಕೇಂದ್ರ ಕಾಯ್ದೆ ಇದೆ. ಎಷ್ಟು ಪಾಲಿಸುತ್ತಾರೆ ಎನ್ನುವುದು ಬೇರೆ ಮಾತು, ಹೇಳಿಕೊಳ್ಳಲು ಒಂದು ಕಾಯ್ದೆಯಾದರೂ ಇದೆ. ಮೆಟ್ರೋಗೋ ರಸ್ತೆ ಅಗಲ ಮಾಡಲೋ ಜಾಗ ತೆಗೆದುಕೊಂಡರೆ ಪರಿಹಾರ ಇದೆ. ಆದರೆ ಜಾಗ ಅಲ್ಲೇ ಇದ್ದು, ಬಾಡಿಗೆಯೂ ಕಟ್ಟುತ್ತಾ, ಗಿರಾಕಿಗೆ ಮಾತ್ರ ದಾರಿ ಇಲ್ಲದೆ ಹೋದವರಿಗೆ? ಅವರನ್ನು ಕೇಳುವವರೇ ಇಲ್ಲ. ಭಟ್ಟರು ಲೈಸೆನ್ಸ್ ಫೀ ಕಟ್ಟಿದ್ದಾರೆ, ಕರೆಂಟ್ ಬಿಲ್ ಕಟ್ಟಿದ್ದಾರೆ, ತೆರಿಗೆ ಕಟ್ಟಿದ್ದಾರೆ. ಒಂದು ರೂಪಾಯಿ ರಿಯಾಯಿತಿ ಸಿಕ್ಕಿಲ್ಲ.

ಎಷ್ಟು ನಷ್ಟ ಆಯಿತು ಎಂದು ಹೇಗೆ ಲೆಕ್ಕ ಹಾಕುವುದು, ಸುಳ್ಳು ಹೇಳುವವರೂ ಇರುತ್ತಾರಲ್ಲ ಎಂದು ಕಚೇರಿಯೊಂದರಲ್ಲಿ ನಮ್ಮನ್ನು ಕೇಳಿದರು. ಅದಕ್ಕೆ ನನ್ನ ಉತ್ತರ ಇದು. 2025ರ ಜುಲೈನಲ್ಲಿ ಯುಪಿಐ ಲೆಕ್ಕ ನೋಡಿ ಬೇಕರಿ, ಕಾಂಡಿಮೆಂಟ್ಸ್, ಟೀ ಅಂಗಡಿಗಳವರಿಗೆಲ್ಲ ಜಿಎಸ್‌ಟಿ ನೋಟಿಸ್ ಬಂತು. ಅಂಗಡಿಯವರು ಗಾಬರಿಯಾಗಿ ಕ್ಯೂಆರ್ ಕೋಡ್ ಕಿತ್ತು 'ಕ್ಯಾಶ್ ಮಾತ್ರ' ಎಂದು ಬರೆದು ಅಂಟಿಸಿದ್ದು ನಿಮಗೆ ನೆನಪಿರಬಹುದು. ಸಣ್ಣ ಅಂಗಡಿಯ ಗಲ್ಲಾಕ್ಕೆ ಯಾವ ತಿಂಗಳು ಎಷ್ಟು ಬಂತು ಎಂದು ಸರ್ಕಾರಕ್ಕೆ ನೋಡಲು ಬರುತ್ತದೆ ಎಂದಾಯಿತು. ಹಾಗಿದ್ದ ಮೇಲೆ ರಸ್ತೆ ಅಗೆದ ತಿಂಗಳುಗಳಲ್ಲಿ ಎಷ್ಟು ಇಳಿಯಿತು ಎಂಬುದೂ ಅದೇ ಲೆಕ್ಕದಲ್ಲಿ ಕಾಣುತ್ತದೆ, ಅಲ್ವಾ? ಅದನ್ನು ನೋಡಿ ಆ ವರ್ಷದ ಲೈಸೆನ್ಸ್ ಫೀ ಬಿಡಿ. ಕೆಲಸ ಹೇಳಿದ ದಿನಕ್ಕೆ ಮುಗಿಸದ ಗುತ್ತಿಗೆದಾರರಿಗೆ ದಂಡ ಹಾಕಿ, ಆ ದಂಡದಲ್ಲಿ ಒಂದು ಪಾಲನ್ನು ಆ ರಸ್ತೆಯ ಅಂಗಡಿಗಳಿಗೆ ಕೊಡಿ. ನೋಟಿಸ್ ಕಳಿಸಲು ನಂಬಿದ ಲೆಕ್ಕವನ್ನು ಸಹಾಯ ಮಾಡಲೂ ನಂಬಬೇಕು.

ನಾವು ಯಾರ ಹತ್ತಿರ ಹೋಗಬೇಕಿತ್ತು? ಬೆಂಗಳೂರು ಪಾಲಿಕೆಗೆ ಕೊನೆಯ ಚುನಾವಣೆ ನಡೆದದ್ದು 2015ರಲ್ಲಿ. ಆ ಕೌನ್ಸಿಲ್ ಅವಧಿ ಮುಗಿದದ್ದು 2020ರ ಸೆಪ್ಟೆಂಬರಿನಲ್ಲಿ. 2025ರ ಸೆಪ್ಟೆಂಬರಿನಲ್ಲಿ ಒಂದು ಪಾಲಿಕೆ ಹೋಗಿ ಐದಾಯಿತು. ನಮ್ಮ ರಸ್ತೆ ಅಗೆದಿದ್ದ ಅಷ್ಟೂ ಕಾಲ ನಮ್ಮ ವಾರ್ಡಿಗೆ ಕಾರ್ಪೊರೇಟರ್ ಇರಲಿಲ್ಲ. ಹಿಂದೆ ಕಾರ್ಪೊರೇಟರ್ ಒಳ್ಳೆಯವರೋ ಕೆಟ್ಟವರೋ, ಬೆಳಿಗ್ಗೆ ಅದೇ ಹೋಟೆಲಿಗೆ ಕಾಫಿಗೆ ಬರುತ್ತಿದ್ದರು. ಭಟ್ಟರು ಗಲ್ಲಾದಿಂದಲೇ "ಸಾರ್, ಆ ಚರಂಡಿ ಸ್ವಲ್ಪ ನೋಡಿ" ಎಂದು ಹೇಳುತ್ತಿದ್ದರು. ಈ ಸಲ ನಾವು ಅರ್ಜಿ ಹಿಡಿದು ಕಚೇರಿಗೆ ಹೋದರೆ ಈ ಸೆಕ್ಷನ್ ಅಲ್ಲ, ಆ ಸೆಕ್ಷನ್ ಎಂದರು. ಇನ್ನೊಂದು ಸಲ ಹೋದಾಗ ಫೈಲ್ ಬೇರೆ ಕಡೆ ಹೋಗಿದೆ ಎಂದರು. ಹೋಟೆಲ್ ಬಿಟ್ಟು ಅರ್ಧ ದಿನ ಕಾಯುವುದು ಭಟ್ಟರಿಗೆ ಎಷ್ಟು ಸಲ ಆಗುತ್ತದೆ?

ಇನ್ನೊಂದು ತೊಂದರೆ ಈಗ ಕೆಲಸ ಮುಗಿದ ಮೇಲೆ ಗೊತ್ತಾಗುತ್ತಿದೆ. ಹಳೇ ಡಾಂಬರನ್ನು ಸರಿಯಾಗಿ ಕೆರೆದು ತೆಗೆಯದೆ ಅದರ ಮೇಲೇ ಕಾಂಕ್ರೀಟ್ ಹಾಕಿದ್ದರಿಂದ ರಸ್ತೆ ಎತ್ತರವಾಗಿದೆ. ಮೂರು ಮೆಟ್ಟಿಲಿದ್ದ ಹೋಟೆಲಿಗೆ ಈಗ ಎರಡೇ ಮೆಟ್ಟಿಲು. ನಾವು ಬಂಡಲ್ ಬಿಚ್ಚುತ್ತಿದ್ದ ಕೆಳಗಿನ ಮೆಟ್ಟಿಲು ನೆಲದೊಳಗೆ ಹೋಗಿದೆ. ಆಚೆ ಬದಿಯ ಟೈಲರ್ ಅಂಗಡಿಗೆ ಮೊದಲೇ ಮೆಟ್ಟಿಲಿರಲಿಲ್ಲ, ಅದು ಈಗ ರಸ್ತೆಗಿಂತ ತಗ್ಗಿನಲ್ಲಿದೆ. ಮೊದಲ ಜೋರು ಮಳೆಗೇ ನೀರು ಒಳಗೆ ಹೋಗಿ ಹೊಲಿಯಲು ಕೊಟ್ಟಿದ್ದ ಬಟ್ಟೆಗಳೆಲ್ಲ ನೆನೆದವು. ಕೆರೆದು ತೆಗೆಯುವ ಮಿಷಿನ್ ಇದೆ, ಮೇನ್ ರೋಡಿನಲ್ಲಿ ಬಳಸಿದ್ದನ್ನು ನಾನೇ ನೋಡಿದ್ದೇನೆ. ಒಳರಸ್ತೆಗೆ ಯಾಕಿಲ್ಲ?

ನಾವು ಕೇಳುತ್ತಿರುವುದು ಆಗದ ಕೆಲಸವನ್ನಲ್ಲ. ಒಂದು ಕ್ರಾಸಿನಿಂದ ಇನ್ನೊಂದು ಕ್ರಾಸಿನವರೆಗೆ ಅರ್ಧ ರಸ್ತೆ ಅಗೆದು ಮುಗಿಸಿ, ಆಮೇಲೆ ಉಳಿದರ್ಧ ಅಗೆಯಲಿ. ನೀರು, ಒಳಚರಂಡಿ, ಕೇಬಲ್‌ನವರು ಮೂವರೂ ಒಂದೇ ಗುಂಡಿಯಲ್ಲಿ ಒಂದೇ ಸಲ ಕೆಲಸ ಮಾಡಲಿ. ಯಾವ ದಿನ ಶುರು, ಯಾವ ದಿನ ಮುಗಿತಾಯ, ಜವಾಬ್ದಾರಿ ಯಾರದು, ಫೋನ್ ನಂಬರ್ ಏನು ಎಂದು ಕನ್ನಡದಲ್ಲಿ ಬೋರ್ಡ್ ಹಾಕಲಿ. ತಡವಾದರೆ ಹೊಸ ದಿನಾಂಕವನ್ನೂ ಅದರ ಮೇಲೇ ಬರೆಯಲಿ, ಹಿಟ್ಟು ರುಬ್ಬುವವರಿಗೆ ಅಷ್ಟಾದರೂ ಗೊತ್ತಾಗುತ್ತದೆ. ಹೋಟೆಲ್, ಕ್ಲಿನಿಕ್, ಔಷಧಿ ಅಂಗಡಿ, ಹಾಲಿನ ಬೂತ್ ಮುಂದೆ ಎರಡು ಕಡೆ ಹಿಡಿದುಕೊಳ್ಳಲು ಕಂಬಿ ಇರುವ ಕಬ್ಬಿಣದ ಹಲಗೆ ಹಾಕಲಿ. ಮೇಷ್ಟ್ರಂಥವರು ಹಿಡಿದುಕೊಂಡು ದಾಟುವಂತಿರಬೇಕು. ಇಡೀ ಕಾಮಗಾರಿಯ ಖರ್ಚಿನಲ್ಲಿ ಈ ಹಲಗೆಯ ಖರ್ಚು ಎಷ್ಟಾದೀತು? ಟೆಂಡರಿನಲ್ಲೇ ಇದನ್ನು ಬರೆದುಬಿಟ್ಟರೆ ಮೇಸ್ತ್ರಿಗೆ ಯಾರೂ ಕೈಮುಗಿಯಬೇಕಾಗಿಲ್ಲ.

ಭಟ್ಟರ ಹೋಟೆಲ್ ಉಳಿದಿದೆ, ಸಂಜೆ ಹೊತ್ತು ಮಾತ್ರ ತೆಗೆಯುತ್ತಿಲ್ಲ. ಒಡಿಶಾದ ಹುಡುಗ ಇದ್ದಾನೆ. ಊರಿಗೆ ಹೋದ ಇಬ್ಬರಲ್ಲಿ ಒಬ್ಬ ವಾಪಸ್ ಬರುತ್ತೇನೆ ಎಂದು ಫೋನ್ ಮಾಡಿದ್ದಾನಂತೆ. ಎರಡು ಪೇಪರಿನಲ್ಲಿ ಒಂದನ್ನು ನಿಲ್ಲಿಸಿದ್ದರು, ದುಡ್ಡು ಆಮೇಲೆ ನೋಡೋಣ ಎಂದು ನಾನೇ ಮತ್ತೆ ಹಾಕುತ್ತಿದ್ದೇನೆ.

ಪಕ್ಕದ ರಸ್ತೆಯಲ್ಲಿ ಮೊನ್ನೆ ಸುಣ್ಣದ ಗೆರೆ ಎಳೆದು ಹೋಗಿದ್ದಾರೆ. ಅಲ್ಲಿ ಒಂದು ಅಯ್ಯಂಗಾರ್ ಬೇಕರಿ ಇದೆ, ತಟ್ಟೆ ಇಡ್ಲಿ ಹಾಕುವ ಗಂಡ ಹೆಂಡತಿ ಇದ್ದಾರೆ, ಎಳನೀರಿನವರಿದ್ದಾರೆ. ಗೆರೆ ಎಳೆದವರು ಇವರ ಹತ್ತಿರ ಒಂದು ಮಾತೂ ಆಡಿಲ್ಲ, ನಾನು ಕೇಳಿಕೊಂಡು ಬಂದೆ. ಸಂಬಂಧಪಟ್ಟ ಎಂಜಿನಿಯರ್ ಈ ಪತ್ರ ಓದಿದರೆ ದಯವಿಟ್ಟು ಅಗೆಯುವ ಮುಂಚೆ ಒಂದು ದಿನ ಬೆಳಿಗ್ಗೆ ಆರೂವರೆಗೆ ಬನ್ನಿ. ನನ್ನ ಲೈನ್ ಅಷ್ಟು ಹೊತ್ತಿಗೆ ಮುಗಿದಿರುತ್ತದೆ, ನಾನೇ ಜೊತೆಗೆ ಬಂದು ಅಂಗಡಿ ಅಂಗಡಿಗೂ ಕರೆದುಕೊಂಡು ಹೋಗುತ್ತೇನೆ. ಯಾರಿಗೆ ಎಷ್ಟು ಹೊತ್ತಿಗೆ ಹಾಲು ಬರುತ್ತದೆ, ಸಿಲಿಂಡರ್ ಯಾವ ಕಡೆಯಿಂದ ಬರಬೇಕು, ಯಾವ ಬಾಗಿಲಿಗೆ ಹಲಗೆ ಬೇಕೇ ಬೇಕು ಎಂದು ಅವರೇ ಹೇಳುತ್ತಾರೆ. ನಕ್ಷೆಯಲ್ಲಿ ಬರೆದುಕೊಳ್ಳಿ.

ಇಂತಿ ನಿಮ್ಮ ವಿಶ್ವಾಸಿ,
ಪತ್ರಿಕಾ ವಿತರಕ
ಹನುಮಂತನಗರ, ಬೆಂಗಳೂರು